ಮಲೆನಾಡಿನ ಮನೆಯಲ್ಲಿ ಗೆಕ್ಕೊ: ಅದರ ಹಗಲು–ಇರುಳಿನ ಲೆಕ್ಕ ಹಿಡಿಯುವುದು ಹೇಗೆ?

ಮನೆಯಲ್ಲಿ ಸಾಕುವ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಮಲಗಿದ್ದರೆ ಗಾಬರಿಯಾಗಬೇಕಿಲ್ಲ, ಅದು ಮಲಗುವ ಹೊತ್ತೇ ಅದು. ರಾತ್ರಿ ಹತ್ತಕ್ಕೂ ಮಲಗೇ ಇದ್ದು, ಮೂರ್ನಾಲ್ಕು ದಿನ ಹಾಗೇ ಮುಂದುವರಿದರೆ ಆಗ ಯೋಚಿಸಬೇಕು. ಸಾಕುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಈ ಹೊತ್ತಿನ ಲೆಕ್ಕ. ಅದು ಯಾವಾಗ ಏಳುತ್ತದೆ, ಯಾವಾಗ ಬೇಟೆಗೆ ಇಳಿಯುತ್ತದೆ, ಯಾವಾಗ ಬಿಸಿ ಹುಡುಕುತ್ತದೆ ಎಂಬುದು ಗೊತ್ತಾದರೆ ಊಟ ಯಾವಾಗ ಕೊಡಬೇಕು, ದೀಪ ಯಾವಾಗ ಆರಿಸಬೇಕು, ಡಾಕ್ಟರ ಹತ್ತಿರ ಯಾವಾಗ ಓಡಬೇಕು ಎಂಬುದಕ್ಕೆಲ್ಲ ಒಂದು ಅಂದಾಜು ಸಿಗುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ವಿಡಿಯೊಗಳಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಚಳಿದೇಶಗಳ ಒಣ ಮನೆಗಳಿಗೆ ಹೇಳಿದವು. ಅಲ್ಲಿನವರಿಗೆ ಬಿಸಿ ಕೊಡುವುದೇ ದೊಡ್ಡ ಚಿಂತೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಟಮಟ ಮಧ್ಯಾಹ್ನವೂ ಲೈಟ್ ಹಾಕಿಕೊಂಡು ಕೂರಬೇಕು. ಅದೇ ಲೈಟ್ ರಾತ್ರಿ ಹನ್ನೊಂದರವರೆಗೂ ಉರಿಯುತ್ತದೆ. ಹಾಲ್‌ನ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿರುವ ಗೆಕ್ಕೊಗೆ ಹಗಲು ಎಲ್ಲಿ ಮುಗಿಯಿತು, ಇರುಳು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಗೆಕ್ಕೊ ಸಾಕುವವರ ಮುಖ್ಯ ಕೆಲಸ, ಪೆಟ್ಟಿಗೆಯೊಳಗೆ ಹಗಲನ್ನೂ ಇರುಳನ್ನೂ ಸ್ಪಷ್ಟವಾಗಿ ಬೇರೆ ಮಾಡಿಕೊಡುವುದು. ಉಳಿದದ್ದೆಲ್ಲ ಆಮೇಲೆ.

ಮೊದಲು, ಯಾವ ಪಾಳಿಯ ಪ್ರಾಣಿ ಎಂದು ನೋಡಿ

ಕಣ್ಣು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಬೆಳಕಿನಲ್ಲಿ ಪಾಪೆ ಕಿರಿದಾಗಿ ನೆಟ್ಟನೆಯ ಸೀಳಿನಂತೆ ಕಂಡರೆ ಅದು ಕತ್ತಲೆಯಲ್ಲಿ ಓಡಾಡುವ ಜಾತಿ. ಪಾಪೆ ದುಂಡಗಿದ್ದರೆ ಹಗಲಿನದು. ನಮ್ಮ ಘಟ್ಟದ ಬಂಡೆಗಳ ಮೇಲೆ, ಮರದ ಬೊಡ್ಡೆಗಳ ಮೇಲೆ ಹಗಲು ಹೊತ್ತಿನಲ್ಲೇ ಕಾಣುವ ನೆಮಾಸ್ಪಿಸ್ ಎಂಬ ಪುಟ್ಟ ಹಲ್ಲಿಗಳದ್ದೂ ದುಂಡು ಪಾಪೆಯೇ.

ಸಾಕುವವರ ಬಳಿ ಹೆಚ್ಚಾಗಿ ಇರುವುದು ಲೆಪರ್ಡ್ ಗೆಕ್ಕೊ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲದ ಪ್ರಾಣಿ. ಮುಸ್ಸಂಜೆ ಮತ್ತು ನಸುಕು ಇದರ ಮುಖ್ಯ ಹೊತ್ತು. ನ್ಯೂ ಕ್ಯಾಲಿಡೋನಿಯಾ ದ್ವೀಪದ ಕ್ರೆಸ್ಟೆಡ್ ಗೆಕ್ಕೊ ಪೂರ್ತಿ ಇರುಳಿನದು, ಮರ ಹತ್ತುವಂಥದ್ದು. ಇದು ಅಳಿದೇ ಹೋಯಿತೆಂದು ತಿಳಿದಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಮಡಗಾಸ್ಕರ್ ಕಡೆಯ ಹಸಿರು ಡೇ ಗೆಕ್ಕೊ ಹಗಲಿನದು.

ನಿದ್ದೆಯನ್ನು ಗುರುತಿಸುವುದರಲ್ಲೂ ವ್ಯತ್ಯಾಸವಿದೆ. ಲೆಪರ್ಡ್ ಗೆಕ್ಕೊಗೆ ರೆಪ್ಪೆಗಳಿವೆ, ನಿದ್ದೆ ಬಂದರೆ ಕಣ್ಣು ಮುಚ್ಚುತ್ತದೆ. ಕ್ರೆಸ್ಟೆಡ್ ಗೆಕ್ಕೊಗೆ ರೆಪ್ಪೆಯೇ ಇಲ್ಲ. ಕಣ್ಣು ಬಿಟ್ಟುಕೊಂಡೇ ಮಲಗುತ್ತದೆ, ನಾಲಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. "ಕಣ್ಣು ತೆರೆದಿದೆ, ಎಚ್ಚರವಾಗಿದೆ" ಎಂದುಕೊಂಡು ಮಧ್ಯಾಹ್ನ ಅದನ್ನು ಎತ್ತಿಕೊಳ್ಳುವುದು ನಡೆಯುತ್ತಲೇ ಇರುತ್ತದೆ. ಹಾಗೆ ನಿದ್ದೆಗೆಟ್ಟು ಗಾಬರಿಯಾದ ಕ್ರೆಸ್ಟೆಡ್ ಬಾಲ ಕಳಚಿಬಿಟ್ಟರೆ ಮತ್ತೆ ಬೆಳೆಯುವುದಿಲ್ಲ. ಲೆಪರ್ಡ್‌ಗಾದರೆ ಬೆಳೆಯುತ್ತದೆ, ಮೊದಲಿನ ಅಂದ ಮಾತ್ರ ಇರುವುದಿಲ್ಲ.

ಕಾನೂನಿನ ಮಾತು ಇಲ್ಲೇ ಹೇಳಿಬಿಡಬೇಕು. ಕಾಡಿನಿಂದ, ತೋಟದಿಂದ ಹಲ್ಲಿ ಹಿಡಿದು ತಂದು ಸಾಕಬೇಡಿ. ಈಶಾನ್ಯ ಭಾರತದ ಟೋಕೆ ಗೆಕ್ಕೊ ಯಾರಾದರೂ ಮಾರಲು ಬಂದರೆ ಮುಟ್ಟಲೇಬೇಡಿ. ಡೇ ಗೆಕ್ಕೊಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟ್ಸ್) ಪಟ್ಟಿಯಲ್ಲಿವೆ. ಅಂಥವನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರ ನಿಯಮ ಹೇಳುತ್ತದೆ. ಯಾವ ಗೆಕ್ಕೊವೇ ಆಗಲಿ, ದುಡ್ಡು ಕೊಡುವ ಮೊದಲು ಅರಣ್ಯ ಇಲಾಖೆಯಲ್ಲಿ ಜಾತಿಯ ಹೆಸರು ಹೇಳಿ ವಿಚಾರಿಸಿ, ಸಾಕಣೆಯಲ್ಲೇ ಹುಟ್ಟಿದ ಮರಿ ಎಂಬ ದಾಖಲೆ ಮತ್ತು ಬಿಲ್ ತೆಗೆದುಕೊಂಡು ಇಟ್ಟುಕೊಳ್ಳಿ.

ಲೆಪರ್ಡ್ ಗೆಕ್ಕೊದ ಒಂದು ದಿನ

ದೀಪ ಆರಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅಡಗುತಾಣದ ಬಾಯಲ್ಲಿ ಮೂತಿ ಕಾಣುತ್ತದೆ. ಕೂಡಲೇ ಹೊರಬರುವುದಿಲ್ಲ. ತಲೆ ಹೊರಗಿಟ್ಟು ಹತ್ತು–ಹದಿನೈದು ನಿಮಿಷ ನೋಡುತ್ತದೆ, ನೆಲ ನೆಕ್ಕಿ ವಾಸನೆ ಹಿಡಿಯುತ್ತದೆ. ಆಮೇಲೆ ನೀರು, ಬೇಟೆ, ಗೋಡೆಯಂಚಿನಲ್ಲಿ ಒಂದು ಸುತ್ತು, ಪೆಟ್ಟಿಗೆಯ ಒಂದೇ ಮೂಲೆಯಲ್ಲಿ ಹಿಕ್ಕೆ. ಮೊದಲ ಎರಡು–ಮೂರು ಗಂಟೆ ಚುರುಕಾಗಿದ್ದು, ಹೊಟ್ಟೆ ತುಂಬಿದ ಮೇಲೆ ಬೆಚ್ಚಗಿನ ಕಲ್ಲಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ನಡುರಾತ್ರಿ ಓಡಾಟ ಕಡಿಮೆ. ಬೆಳಗಿನ ಜಾವ ಇನ್ನೊಂದು ಸುತ್ತು ಬಂದು, ಬೆಳಕು ಹರಿಯುವ ಹೊತ್ತಿಗೆ ಒಳಗೆ ಸೇರಿಕೊಳ್ಳುತ್ತದೆ.

ಹಗಲೆಲ್ಲ ಕಲ್ಲಿನಂತೆ ಬಿದ್ದಿರುತ್ತದೆ ಎಂದೇನಿಲ್ಲ. ಬಾಲವನ್ನೋ ಒಂದು ಕಾಲನ್ನೋ ಬೆಳಕಿಗೆ ಚಾಚಿ ಮಲಗುವುದು, ಬಿಸಿ ಅಡಗುತಾಣದಿಂದ ತಂಪಿನ ಕಡೆಗೆ ಹೋಗಿ ಮತ್ತೆ ಬರುವುದು, ಇವೆಲ್ಲ ಸಹಜ. ಮರಿಗಳು ದೊಡ್ಡವಕ್ಕಿಂತ ಹೆಚ್ಚು ಹೊತ್ತು ಅಡಗಿರುತ್ತವೆ. ಹೊಸದಾಗಿ ತಂದದ್ದು ಒಂದೆರಡು ವಾರ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಷ್ಟು ದಿನ ಅದನ್ನು ಮುಟ್ಟದೆ ಬಿಡಬೇಕು.

ಹಗಲು ಕಟ್ಟುವ ಕ್ರಮ

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪೆಟ್ಟಿಗೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ.

1. ದೀಪವನ್ನು ಟೈಮರ್‌ಗೆ ಹಾಕಿ. ಶಿವಮೊಗ್ಗದಲ್ಲಿ ಜೂನ್ ಹೊತ್ತಿಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು ಗಂಟೆಯ ಹತ್ತಿರ. ಬೇಸಿಗೆ–ಮಳೆಗಾಲಕ್ಕೆ ಬೆಳಿಗ್ಗೆ 6ರಿಂದ ಸಂಜೆ 7, ಚಳಿಗಾಲಕ್ಕೆ 6:45ರಿಂದ 6 ಎಂದು ಇಟ್ಟರೆ ಹೊರಗಿನ ಸೂರ್ಯನಿಗೂ ಒಳಗಿನ ದೀಪಕ್ಕೂ ತಾಳೆಯಾಗುತ್ತದೆ. ಬದಲಾಯಿಸುವಾಗ ವಾರಕ್ಕೆ ಹದಿನೈದು ನಿಮಿಷದಂತೆ ಸರಿಸಿ.

2. ಮುಳ್ಳು ತಿರುಗುವ ಅಗ್ಗದ ಮೆಕ್ಯಾನಿಕಲ್ ಟೈಮರ್ ಬೇಡ. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಗುಡುಗು ಮಳೆಗೆ ನಾಲ್ಕು ಗಂಟೆ ಕರೆಂಟ್ ಹೋದರೆ ಮರುದಿನದಿಂದ ದೀಪ ನಾಲ್ಕು ಗಂಟೆ ತಡವಾಗಿ, ಅಂದರೆ ರಾತ್ರಿ 11ಕ್ಕೆ ಆರುತ್ತದೆ. ಮಳೆಗಾಲದಲ್ಲಿ "ಇದ್ದಕ್ಕಿದ್ದಂತೆ ಊಟ ಬಿಟ್ಟಿತು" ಎಂಬ ದೂರಿನ ಹಿಂದೆ ಈ ಟೈಮರ್ ಇರಬಹುದು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನ ಹೊತ್ತನ್ನು ಕಳೆದುಕೊಳ್ಳುವುದಿಲ್ಲ.

3. ಹಗಲಿನ ಬೆಳಕಿಗೆ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಸಾಕು. ಮಳೆಗಾಲದಲ್ಲಿ ಕಿಟಕಿ ಬೆಳಕನ್ನೇ ನಂಬಬೇಡಿ. ಯುವಿ (ಅತಿನೇರಳೆ ಕಿರಣದ) ದೀಪ ಹಾಕುವುದಾದರೆ ನೆರಳಿನ ಪ್ರಾಣಿಗಳಿಗೆಂದೇ ಮಾಡಿದ ಕಡಿಮೆ ಶಕ್ತಿಯದ್ದು ಸಾಕು, ಅದನ್ನು ವರ್ಷಕ್ಕೊಮ್ಮೆ ಬದಲಿಸಿ. ಉರಿಯುತ್ತಿದ್ದರೂ ಅದರ ಯುವಿ ಕುಗ್ಗಿರುತ್ತದೆ. ಕಿಟಕಿಯ ಗಾಜು ಯುವಿ-ಬಿ ತಡೆಯುತ್ತದೆ, ಆದ್ದರಿಂದ ಪೆಟ್ಟಿಗೆಯನ್ನು ಬಿಸಿಲಿಗೆ ಇಡುವುದರಿಂದ ಲಾಭವಿಲ್ಲ. ಬೇಸಿಗೆಯಲ್ಲಿ ಅರ್ಧ ಗಂಟೆಯೊಳಗೆ ಒಳಗಿನದು ಬೆಂದು ಸಾಯಬಹುದು.

4. ದೀಪ ಆರಿದ ಮೇಲೆ ಪೂರ್ತಿ ಕತ್ತಲೆ. ಕೆಂಪು ಬಲ್ಬು, ನೀಲಿ "ಮೂನ್‌ಲೈಟ್" ಬಲ್ಬು ಎರಡೂ ಬೇಡ. ಹೆಲ್ಮೆಟ್ ಗೆಕ್ಕೊ ಎಂಬ ಇರುಳಿನ ಜಾತಿಯ ಮೇಲಿನ ಅಧ್ಯಯನದಲ್ಲಿ ಮಂದ ಬೆಳದಿಂಗಳಿನಷ್ಟು ಬೆಳಕಿನಲ್ಲೂ ಅದು ಬಣ್ಣ ಗುರುತಿಸುವುದು ಕಂಡುಬಂದಿದೆ. ಬಣ್ಣ ಕಾಣುವ ಮಿತಿಯಲ್ಲಿ ಅದರ ಕಣ್ಣು ನಮ್ಮದಕ್ಕಿಂತ 350 ಪಟ್ಟು ಸೂಕ್ಷ್ಮ. ನಮಗೆ "ಸ್ವಲ್ಪವೇ ಬೆಳಕು" ಎನಿಸುವುದು ಇಂಥ ಕಣ್ಣಿಗೆ ಸ್ವಲ್ಪವಲ್ಲ. ಪೆಟ್ಟಿಗೆ ಟಿವಿ ಇರುವ ಹಾಲ್‌ನಲ್ಲೇ ಇರಬೇಕಾದರೆ ಸಂಜೆ ಏಳಕ್ಕೆ ಮೂರೂ ಕಡೆ ದಪ್ಪ ಬಟ್ಟೆ ಇಳಿಬಿಡಿ. ಮೇಲಿನ ಜಾಲರಿ ಮುಚ್ಚಬೇಡಿ, ಗಾಳಿ ನಿಲ್ಲುತ್ತದೆ.

ಬಿಸಿ: ಸಂಜೆಗೆ ಉಳಿಯುವಂತೆ

ಕಾಡಿನಲ್ಲಿ ಲೆಪರ್ಡ್ ಗೆಕ್ಕೊ ಏಳುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ಬಂಡೆ ಇನ್ನೂ ಬೆಚ್ಚಗಿರುತ್ತದೆ. ತಿಂದದ್ದನ್ನು ಅರಗಿಸುವುದು ಆ ಉಳಿದ ಬಿಸಿ. ಪೆಟ್ಟಿಗೆಯಲ್ಲೂ ಅದನ್ನೇ ಮಾಡಬೇಕು. ಕಲ್ಲಿನ ಅಂಗಡಿಯಲ್ಲಿ ಒಂದಡಿ ಚದರದ ಕಡಪ ಕಲ್ಲಿನ ತುಂಡು ಕೇಳಿ, ಇಪ್ಪತ್ತು ಮಿಲಿಮೀಟರ್ ದಪ್ಪದ್ದಿರಲಿ. ಅದನ್ನು ಒಂದು ತುದಿಯಲ್ಲಿ ಬಿಸಿ ಕೊಡುವ ಬಲ್ಬಿನ ಕೆಳಗೆ ಗಟ್ಟಿಯಾಗಿ ಕೂರಿಸಿ. ಅಡಿಯಲ್ಲಿ ಮಣ್ಣು ತೋಡಿ ಕಲ್ಲು ಕುಸಿದು ಗೆಕ್ಕೊ ಸಿಕ್ಕಿಕೊಳ್ಳಬಾರದು, ಆದ್ದರಿಂದ ಕಲ್ಲು ನೇರ ಪೆಟ್ಟಿಗೆಯ ತಳದ ಮೇಲೋ ಇಟ್ಟಿಗೆ ತುಂಡುಗಳ ಮೇಲೋ ನಿಂತಿರಬೇಕು. ಇಟ್ಟಿಗೆಯ ಮೇಲೆ ಕೂರಿಸಿದರೆ ಕೆಳಗಿನ ಸಂದು ಬಿಸಿ ಅಡಗುತಾಣವಾಗುತ್ತದೆ. ತಂಪಿನ ತುದಿಗೆ ಒಡೆದ ಮಂಗಳೂರು ಹೆಂಚಿನ ತುಂಡು ಸಾಕು, ಚೂಪು ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ.

ಕಲ್ಲಿನ ಮೇಲ್ಮೈ 32ರಿಂದ 34 ಡಿಗ್ರಿ, ತಂಪಿನ ತುದಿ 24ರಿಂದ 26. ಇರುಳಿನಲ್ಲಿ 20–22ಕ್ಕೆ ಇಳಿದರೆ ಒಳ್ಳೆಯದೇ, ಆ ಇಳಿತ ಬೇಕು ಕೂಡ. ಗಾಜಿಗೆ ಅಂಟಿಸುವ ದುಂಡು ಥರ್ಮಾಮೀಟರ್ ಗಾಳಿಯ ಬಿಸಿ ಹೇಳುತ್ತದೆ, ಕಲ್ಲಿನದ್ದಲ್ಲ. ಗುರಿ ಹಿಡಿದು ಒತ್ತುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಸಂಜೆ ದೀಪ ಆರಿದಾಗ ಒಮ್ಮೆ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಎರಡನೆಯ ಸಲ 28ಕ್ಕಿಂತ ಕೆಳಗಿದ್ದರೆ ಕಲ್ಲು ತೆಳುವಾಯಿತು ಅಥವಾ ಮನೆ ಬಹಳ ಥಂಡಿ ಇದೆ ಎಂದರ್ಥ. ಆಗ ಬಿಸಿ ಅಡಗುತಾಣದ ಕೆಳಗೆ, ಗಾಜಿನ ಹೊರಬದಿಗೆ, ಥರ್ಮೋಸ್ಟಾಟ್ (ಬಿಸಿ ಮಿತಿ ದಾಟದಂತೆ ತಡೆಯುವ ಸಾಧನ) ಜೋಡಿಸಿದ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಿ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಹೊಟ್ಟೆ ಸುಡುತ್ತದೆ. ಬಿಸಿ ಹೆಚ್ಚಾದರೂ ಅದು ಅಲ್ಲಿಂದ ಏಳದೆ ಮಲಗಿರಬಹುದು, ಗಾಯ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ಶಿವಮೊಗ್ಗ, ಭದ್ರಾವತಿಯ ಆರ್‌ಸಿಸಿ ಮನೆಗಳಲ್ಲಿ ಲೆಕ್ಕ ತಿರುಗುತ್ತದೆ. ಕೋಣೆಯೇ 34 ಮುಟ್ಟಿದಾಗ ಬಿಸಿ ಬಲ್ಬು ಬೇಕಾಗಿಲ್ಲ. ಬಲ್ಬು ಆರಿಸಿ, ಬೆಳಕಿನ ಎಲ್‌ಇಡಿ ಮಾತ್ರ ಉಳಿಸಿ. ತಂಪಿನ ತುದಿ 30 ದಾಟುವಂತಿದ್ದರೆ ಪೆಟ್ಟಿಗೆಯನ್ನು ಮನೆಯ ತಂಪಾದ ಕೋಣೆಗೆ ಒಯ್ಯಿರಿ.

ಮುಸ್ಸಂಜೆಯ ಒಂದು ಗಂಟೆ

ಗೆಕ್ಕೊ ಏಳುವ ಹೊತ್ತೂ ನಮ್ಮ ಮನೆಗಳಲ್ಲಿ ಸೊಳ್ಳೆಬತ್ತಿ ಹಚ್ಚುವ ಹೊತ್ತೂ ಒಂದೇ. ಸೊಳ್ಳೆಬತ್ತಿ, ಲಿಕ್ವಿಡ್ ಮಷೀನು, ಧೂಪ, ಬಚ್ಚಲ ಒಲೆಯ ಹೊಗೆ ಇವು ಯಾವುವೂ ಆ ಕೋಣೆಯಲ್ಲಿ ಇರಬಾರದು. ಕಿಟಕಿಗೆ ಜಾಲರಿ ಹಾಕಿಸಿ. ಇರುವೆಗೆ ಸೀಮೆಸುಣ್ಣದಂಥ ವಿಷದ ಗೆರೆ ಎಳೆಯುವುದೂ ಬೇಡ. ಹಳೆಯ ಅಡುಗೆಮನೆಗಳಲ್ಲಿ ಕಪಾಟಿನ ಕಾಲಿಗೆ ಮಾಡುತ್ತಿದ್ದಂತೆ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿ. ಮಳೆ ಹಿಡಿದ ಮೇಲೆ ಒಳಗೆ ನುಗ್ಗುವ ಕೆಂಪಿರುವೆ ಸಾಲು ಪೊರೆ ಬಿಡುತ್ತಿರುವ ಗೆಕ್ಕೊವನ್ನು ಕಚ್ಚಿ ಹಣ್ಣು ಮಾಡಬಲ್ಲದು.

ದೀಪ ಆರಿ ಅರ್ಧ ಗಂಟೆಯ ಮೇಲೆ ಊಟ. ಮರಿಗೆ ದಿನಾ, ದೊಡ್ಡದಕ್ಕೆ ಎರಡು–ಮೂರು ದಿನಕ್ಕೊಮ್ಮೆ ಐದರಿಂದ ಏಳು ಹುಳ. ಹುಳದ ಅಗಲ ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಕ್ರಿಕೆಟ್ ಹುಳ, ಡುಬಿಯಾ ಜಿರಳೆ ಮುಖ್ಯ ಆಹಾರವಾಗಲಿ. ಮೀಲ್‌ವರ್ಮ್ ನಡುನಡುವೆ ಸಾಕು. ಹುಳಗಳಿಗೆ ಹಿಂದಿನ ದಿನ ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಿಸಿ, ಕೊಡುವಾಗ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ತೆಗೆದುಬಿಡಿ, ಗೆಕ್ಕೊ ಮಲಗಿದಾಗ ಅವು ಅದರ ಬೆರಳು, ರೆಪ್ಪೆ ಕಚ್ಚುತ್ತವೆ.

ತೋಟದಲ್ಲಿ ಹಿಡಿದ ಹುಳ ಬೇಡ. ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ, ಕೀಟನಾಶಕ ಯಾವುದು ಅದರ ಮೈಮೇಲಿದೆಯೋ ಹೇಳಲಾಗದು. ಮಿಂಚುಹುಳವನ್ನಂತೂ ಪೆಟ್ಟಿಗೆಯ ಹತ್ತಿರಕ್ಕೂ ಬಿಡಬೇಡಿ. ಮುಂಗಾರಿಗೆ ಮುಂಚೆ ಮಲೆನಾಡಿನ ಮರಗಳೆಲ್ಲ ಮಿಣುಕುವ ದಿನಗಳಲ್ಲಿ ಒಂದೆರಡು ಮನೆಯೊಳಗೂ ಬರುತ್ತವೆ, ಜಾಲರಿಯ ಸಂದಿಯಲ್ಲಿ ನುಸುಳುತ್ತವೆ. ಕೆಲವು ಮಿಂಚುಹುಳಗಳ ಮೈಯಲ್ಲಿ ಹೃದಯಕ್ಕೆ ಹೊಡೆಯುವ ವಿಷವಿದೆ. ಬೇರೆ ದೇಶಗಳಲ್ಲಿ ಒಂದೇ ಹುಳ ತಿಂದು ಸಾಕು ಓತಿಗಳು ಸತ್ತಿವೆ.

ಕರೆಂಟ್ ಇಲ್ಲದ ಸಂಜೆ ಊಟ ಕೊಡಬೇಡಿ. ಬಿಸಿಯಿಲ್ಲದ ಹೊಟ್ಟೆಯಲ್ಲಿ ಹುಳ ಅರಗದೆ ಕೊಳೆಯುತ್ತದೆ, ಒಂದೆರಡು ದಿನದಲ್ಲಿ ವಾಂತಿಯಾಗುತ್ತದೆ. ಆರೋಗ್ಯವಾಗಿರುವ ದೊಡ್ಡ ಗೆಕ್ಕೊ ಬಾಲದ ಕೊಬ್ಬಿನ ಮೇಲೆ ವಾರ ಕಳೆಯಬಲ್ಲದು. ಹೊಟ್ಟೆ ತುಂಬಿದ ಮೇಲೆ ಕರೆಂಟ್ ಹೋಗಿ ಬಾರದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಬಿಸಿ ಅಡಗುತಾಣದ ಪಕ್ಕ ಇಡಿ.

ಜಡಿಮಳೆಯ ತಿಂಗಳುಗಳು

ಲೆಪರ್ಡ್ ಗೆಕ್ಕೊಗೆ ಬೇಕಾದ ತೇವ ಶೇ 30–40. ಆಷಾಢದ ಮಲೆನಾಡಿನ ಮನೆಯೊಳಗೆ ಶೇ 85–90 ಸಾಮಾನ್ಯ. ಹಿಂಬಾಗಿಲ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಪೆಟ್ಟಿಗೆಯ ಮಣ್ಣು ಒಣಗಿರುವುದು ಸಾಧ್ಯವಿಲ್ಲ. ತೇವ ಏರಿ ಬಿಸಿ ಇಳಿದಾಗ ಗೆಕ್ಕೊ ಮೊದಲು ಮಾಡುವ ಕೆಲಸ ಹೊತ್ತು ಬದಲಿಸುವುದು: ಹಗಲಲ್ಲೇ ಹೊರಬಂದು ಬಲ್ಬಿನ ಕೆಳಗೆ ಗಂಟೆಗಟ್ಟಲೆ ಬಿದ್ದುಕೊಳ್ಳುತ್ತದೆ, ಸಂಜೆ ಏಳುವುದಿಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಹೊಟ್ಟೆಯಡಿ ಕಂದು ಕಲೆಗಳು ಆಮೇಲೆ ಬರುತ್ತವೆ.

ಮಣ್ಣು, ಕೋಕೋಪೀಟ್ ಎಲ್ಲ ತೆಗೆದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಟೈಲ್ಸ್ ಅಥವಾ ಕಾಗದ ಹಾಸಿ. ಕಾಗದವನ್ನು ದಿನ ಬಿಟ್ಟು ದಿನ ಬದಲಿಸಿ. ನೀರಿನ ಬಟ್ಟಲು ಚಿಕ್ಕದಿರಲಿ, ತಂಪಿನ ತುದಿಯಲ್ಲಿರಲಿ. ಬಿಸಿ ಬಲ್ಬು ಹಗಲೆಲ್ಲ ಉರಿಯಲಿ, ಅದೇ ಗಾಳಿಯನ್ನೂ ಒಣಗಿಸುತ್ತದೆ. ಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆಯನ್ನು ಒಂದು ಗೇಣು ಮುಂದೆ ಎಳೆಯಿರಿ. ಆಗುಂಬೆ ಸುತ್ತಿನಂಥ ಕಡೆ ಇಷ್ಟು ಸಾಲುವುದಿಲ್ಲ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಕೋಣೆಗೊಂದು ಬೇಕೇ ಬೇಕು. ಅದಕ್ಕೆ ಖರ್ಚು ಮಾಡಲಾಗದಿದ್ದರೆ ಅಲ್ಲಿ ಲೆಪರ್ಡ್ ಗೆಕ್ಕೊ ಸಾಕದಿರುವುದೇ ಒಳ್ಳೆಯದು.

ಪೊರೆ ಬಿಡಲು ಮಾತ್ರ ತೇವ ಬೇಕು. ಮುಚ್ಚಳವಿರುವ ಸಣ್ಣ ಡಬ್ಬಿಗೆ ಬಾಗಿಲು ಕೊರೆದು, ಒದ್ದೆ ಟಿಶ್ಯೂ ಹಾಕಿ ನಡುವೆ ಇಡಿ. ಬಣ್ಣ ಮಸುಕಾಗಿ ಒಂದು–ಮೂರು ದಿನ ಅಲ್ಲೇ ಅಡಗಿ ಊಟ ಬಿಟ್ಟರೆ ಚಿಂತೆ ಬೇಡ. ಪೊರೆ ಬಿಟ್ಟ ಮರುದಿನ ಬೆರಳುಗಳನ್ನು ಭೂತಗನ್ನಡಿ ಹಿಡಿದು ನೋಡಿ. ಬೆರಳಿಗೆ ಉಳಿದ ಪೊರೆ ಒಣಗಿ ದಾರ ಕಟ್ಟಿದಂತೆ ಬಿಗಿದು, ರಕ್ತ ನಿಂತು ಬೆರಳು ಉದುರುತ್ತದೆ. 30 ಡಿಗ್ರಿಯ ನೀರನ್ನು ಅದರ ಪಾದ ಮುಳುಗುವಷ್ಟು ಹಾಕಿ, ಹದಿನೈದು ನಿಮಿಷ ನಿಲ್ಲಿಸಿ, ಒದ್ದೆ ಕಿವಿಕಡ್ಡಿಯಿಂದ ಮೆಲ್ಲಗೆ ಉರುಳಿಸಿ ತೆಗೆಯಿರಿ. ಎಳೆಯಬೇಡಿ.

ಕ್ರೆಸ್ಟೆಡ್ ಗೆಕ್ಕೊ ಇದ್ದರೆ

ಬೇಕಾದ್ದು 22–26 ಡಿಗ್ರಿ. 28 ದಾಟಿದರೆ ತೊಂದರೆ ಶುರು. ಮೇಲಿನ ಮಲೆನಾಡಿನ ಹೆಂಚಿನ ಮನೆಗೆ ಇದು ಹೊಂದುತ್ತದೆ. ಬಯಲಿಗೆ ತಾಗಿದ ಶಿವಮೊಗ್ಗದಲ್ಲಿ ಏಸಿ ಇಲ್ಲದೆ ತರಬೇಡಿ. ಸಂಜೆ ನೀರು ಚಿಮುಕಿಸಿ ತೇವವನ್ನು ಶೇ 80ಕ್ಕೆ ಏರಿಸಿ, ಮರುದಿನ ಮಧ್ಯಾಹ್ನದೊಳಗೆ 50–60ಕ್ಕೆ ಇಳಿಯಲು ಬಿಡುವುದು ಇದರ ದಿನಚರಿಯ ಗುರುತು. ಮಳೆಗಾಲದಲ್ಲಿ ಚಿಮುಕಿಸುವ ಕೆಲಸವೇ ಇಲ್ಲ, ಗಾಳಿಯಾಡುವಂತೆ ನೋಡಿಕೊಂಡರೆ ಸಾಕು. ರಾತ್ರಿ ಇದರ ಬಣ್ಣ ಗಾಢವಾಗುತ್ತದೆ, ಹಗಲು ಮಂಕಾಗುತ್ತದೆ. ಅದು ರೋಗವಲ್ಲ, ಎಚ್ಚರ–ನಿದ್ದೆಯ ಬಣ್ಣ.

ಎರಡು ವಾರದ ಪುಸ್ತಕ

ಹದಿನಾಲ್ಕು ದಿನ ಐದು ವಿಷಯ ಬರೆಯಿರಿ: ದೀಪ ಆರಿದ ಹೊತ್ತು, ಮೂತಿ ಕಂಡ ಹೊತ್ತು, ತಿಂದ ಹುಳದ ಲೆಕ್ಕ, ಹಿಕ್ಕೆ ಇದೆಯೋ ಇಲ್ಲವೋ, ಕಲ್ಲಿನ ಬಿಸಿ. ಟಾರ್ಚ್ ಹಾಕಿ ನೋಡಿದರೆ ನೋಡಬೇಕಾದ್ದೇ ಕೆಟ್ಟುಹೋಗುತ್ತದೆ. ಮನೆಗೆ ಹಾಕುವ ಸಣ್ಣ ವೈಫೈ ಕ್ಯಾಮೆರಾಗಳು ಇನ್‌ಫ್ರಾರೆಡ್‌ನಲ್ಲಿ ಕತ್ತಲೆಯಲ್ಲೂ ಚೆನ್ನಾಗಿ ತೋರಿಸುತ್ತವೆ. ವಾರಕ್ಕೊಮ್ಮೆ ಅಡುಗೆಮನೆಯಲ್ಲಿ ಬಳಸದ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ, ಒಂದು ಗ್ರಾಮ್ ತೋರಿಸುವಂಥದ್ದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಎಂಬ ರೋಗಾಣು ಇವುಗಳ ಹಿಕ್ಕೆಯಲ್ಲಿ ಇರಬಹುದು. ಹಲ್ಲಿಗೆ ವಿಷವಿದೆ ಎಂದು ಮನೆಯ ಹಿರಿಯರು ಹೆದರಿದರೆ, ವಿಷವಿಲ್ಲ, ಕೈ ತೊಳೆದರೆ ಸಾಕು ಎಂದು ಸಮಾಧಾನವಾಗಿ ಹೇಳಿ.

ಎರಡು ವಾರಕ್ಕೆ ನಿಮ್ಮ ಗೆಕ್ಕೊದ ಸ್ವಂತ ಹೊತ್ತು ಕಾಣುತ್ತದೆ. ಕೆಲವು 7:20ಕ್ಕೇ ಏಳುತ್ತವೆ, ಕೆಲವು 8:30ಕ್ಕೆ. ಹೊತ್ತು ಇಂಥದ್ದೇ ಆಗಬೇಕೆಂದಿಲ್ಲ, ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಚಳಿಗಾಲದಲ್ಲಿ ತಡವಾಗಿ ಎದ್ದು ಕಡಿಮೆ ತಿಂದರೂ ತೂಕ ನಿಂತಿದ್ದರೆ ಬಿಡಿ. ವರ್ಷದ ಮೊದಲ ತಿಂಗಳುಗಳಲ್ಲಿ ಗಂಡು ರಾತ್ರಿಯಿಡೀ ಗಾಜಿನ ಉದ್ದಕ್ಕೂ ಓಡಾಡಿ ಊಟ ಬಿಡುವುದು ಬೆದೆಯ ಲಕ್ಷಣ. ವರ್ಷದ ಬೇರೆ ಹೊತ್ತಿನಲ್ಲಿ ಗಾಜು ಕೆರೆಯುತ್ತಿದ್ದರೆ ಮೊದಲು ಬಿಸಿ ಅಳೆಯಿರಿ, ಆಮೇಲೆ ಅಡಗುತಾಣಗಳು ಸಾಕಷ್ಟಿವೆಯೇ ನೋಡಿ.

ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಬಾಲ ತೆಳುವಾಗುತ್ತ ಬಂದರೆ, ಹಗಲಿಡೀ ಬಯಲಲ್ಲಿ ಬಿದ್ದು ಸಂಜೆ ಏಳದಿದ್ದರೆ, ಹಿಕ್ಕೆ ನೀರಾಗಿ ನಾಲ್ಕು ದಿನವಾದರೆ ಡಾಕ್ಟರ ಹತ್ತಿರ ಹೋಗಿ. ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಸರೀಸೃಪ ನೋಡುವ ವೈದ್ಯರು ಸಿಗುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಗಾಳಿ ತೂತು ಮಾಡಿದ ಡಬ್ಬಿಯಲ್ಲಿ ಟಿಶ್ಯೂ ಹಾಸಿ, ಬಟ್ಟೆ ಸುತ್ತಿ ಒಯ್ಯಿರಿ. ಹಿಂದಿನ ದಿನದ ಹಿಕ್ಕೆಯನ್ನು ಇನ್ನೊಂದು ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳಿ, ಹೊಟ್ಟೆಹುಳದ ಪರೀಕ್ಷೆಗೆ ಅದು ಬೇಕಾಗುತ್ತದೆ. ಎರಡು ವಾರ ಬರೆದ ಪುಸ್ತಕವೂ ಜೊತೆಗಿರಲಿ, ವೈದ್ಯರ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.